ಎಂಟು ದಿನ, ಮೂರು ಔಷಧಿ

2020ರ ಜೂನ್ 16ರಿಂದ 23ರೊಳಗೆ, ಎಂಟೇ ದಿನಗಳಲ್ಲಿ, ಕೋವಿಡ್‌ಗೆ ಔಷಧಿ ಸಿಕ್ಕಿತು ಎಂಬ ಸುದ್ದಿ ಮೂರು ಸಲ ಬಂತು. 16ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು, ಡೆಕ್ಸಾಮೆಥಾಸೋನ್ ಎಂಬ ಹಳೆಯ ಸ್ಟೀರಾಯ್ಡ್ ಸಾವಿನ ಪ್ರಮಾಣವನ್ನು ತಗ್ಗಿಸುತ್ತದೆ ಎಂದು ಪ್ರಕಟಿಸಿದರು. 20ರಂದು ಮುಂಬೈಯ ಗ್ಲೆನ್‌ಮಾರ್ಕ್ ಕಂಪನಿ ಫೆವಿಪಿರಾವಿರ್ ಮಾತ್ರೆಯನ್ನು ಫ್ಯಾಬಿಫ್ಲು ಎಂಬ ಹೆಸರಿನಲ್ಲಿ ತಂದಿತು. ಒಂದು ಮಾತ್ರೆಗೆ 103 ರೂಪಾಯಿ. 23ರಂದು ಹರಿದ್ವಾರದಲ್ಲಿ ಪತಂಜಲಿಯವರು ಕೊರೊನಿಲ್ ಬಿಡುಗಡೆ ಮಾಡಿ, ಏಳು ದಿನದಲ್ಲಿ ನೂರಕ್ಕೆ ನೂರು ಗುಣ ಎಂದರು. ಕಿಟ್ಟಿನ ಬೆಲೆ 545 ರೂಪಾಯಿ.

ಈ ಸುದ್ದಿಗಳು ತಲುಪಿದ ಊರುಗಳಲ್ಲಿ ಒಂದನ್ನು ನೋಡೋಣ. ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು ಬಂದರೆ, ಚನ್ನಪಟ್ಟಣ ದಾಟಿದ ಮೇಲೆ ಮಂಡ್ಯ ಜಿಲ್ಲೆ ಶುರುವಾಗುವ ಕಡೆ ಸಿಗುವ ಊರು ಮದ್ದೂರು ತಾಲ್ಲೂಕಿನ ನಿಡಘಟ್ಟ. ಲಾಕ್‌ಡೌನ್‌ನಲ್ಲಿ ಪಾಸಿಲ್ಲದೆ ಜಿಲ್ಲೆಯಿಂದ ಜಿಲ್ಲೆಗೆ ಹೋಗುವಂತಿರಲಿಲ್ಲ. ಗಡಿಯ ಊರುಗಳಿಗೆ ಅದರ ಬಿಸಿ ಹೆಚ್ಚೇ ತಟ್ಟಿತ್ತು. ಮೇ ತಿಂಗಳಲ್ಲಿ ಮುಂಬೈಯಿಂದ ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಜನ ಮರಳಿದಾಗ ಮಂಡ್ಯ ಜಿಲ್ಲೆಯ ಸೋಂಕಿನ ಲೆಕ್ಕ ರಾಜ್ಯದಲ್ಲೇ ಮೇಲಿನ ಸಾಲಿಗೆ ಹೋಯಿತು. ಜೂನ್‌ನಲ್ಲಿ ಇಲ್ಲಿ ಟಿ.ವಿ. ಮುಂದೆ ಕೂತವರಿಗೆ ಮೂರು ಔಷಧಿಯ ಸುದ್ದಿಯೂ ಒಂದೇ ತೂಕದ್ದಾಗಿ ಕಂಡಿದ್ದರೆ ಅದು ಅವರ ತಪ್ಪಲ್ಲ. ಮೂರರ ಹಿಂದೆಯೂ ಕ್ಲಿನಿಕಲ್ ಟ್ರಯಲ್ ಇತ್ತು. ಮೂರು ಟ್ರಯಲ್‌ಗಳೂ ಸರ್ಕಾರ ಒಪ್ಪುವ ಪಟ್ಟಿಗಳಲ್ಲಿ ನೋಂದಣಿಯಾಗಿದ್ದವು, ಮೂರಕ್ಕೂ ನೋಂದಣಿ ಸಂಖ್ಯೆ ಇತ್ತು.

ವ್ಯತ್ಯಾಸವಿದ್ದದ್ದು ಆ ಸಂಖ್ಯೆಯ ಹಿಂದಿನ ದಾಖಲೆಯಲ್ಲಿ. ರಿಕವರಿ ಎಂಬ ಹೆಸರಿನ ಬ್ರಿಟನ್ನಿನ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಪಡೆದವರು 2,104 ಮಂದಿ. ಅದಿಲ್ಲದೆ ಮಾಮೂಲು ಚಿಕಿತ್ಸೆ ಪಡೆದವರು 4,321. ಅಳೆದದ್ದು 28 ದಿನದೊಳಗಿನ ಸಾವನ್ನು. ಫೆವಿಪಿರಾವಿರ್ ಪ್ರಯೋಗದಲ್ಲಿದ್ದವರು 150 ಮಂದಿ. ಅಳೆದದ್ದು ವೈರಸ್ ಹೊರಬೀಳುವುದು ಎಷ್ಟು ದಿನಕ್ಕೆ ನಿಲ್ಲುತ್ತದೆ ಎಂಬುದನ್ನು: ಮಾತ್ರೆ ತಿಂದವರಿಗೆ ಐದು ದಿನ, ತಿನ್ನದವರಿಗೆ ಏಳು. 150 ಜನರ ಲೆಕ್ಕದಲ್ಲಿ ಎರಡು ದಿನದ ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ಇತ್ತು. ಮೊದಲ ದಿನ ಹದಿನೆಂಟು, ಆಮೇಲೆ ದಿನಕ್ಕೆ ಎಂಟರಂತೆ ಹದಿನಾಲ್ಕನೇ ದಿನದವರೆಗೆ ನುಂಗಿದರೆ 122 ಮಾತ್ರೆ, ಹನ್ನೆರಡೂವರೆ ಸಾವಿರ ರೂಪಾಯಿ. ಕೊರೊನಿಲ್ ಪ್ರಯೋಗದಲ್ಲಿದ್ದವರು ನೂರರ ಆಸುಪಾಸು. ರೋಗಲಕ್ಷಣವೇ ಇಲ್ಲದವರು ಅಥವಾ ಲಘುವಾಗಿ ಇದ್ದವರು, ಅಂದರೆ ಏನೂ ಕೊಡದಿದ್ದರೂ ಬಹುಪಾಲು ತಾವಾಗಿಯೇ ಗುಣವಾಗುವವರು. ಬಿಡುಗಡೆಯಾದ ದಿನವೇ ಆಯುಷ್ ಸಚಿವಾಲಯ ವಿವರ ಕೇಳಿ, ಪರಿಶೀಲನೆ ಮುಗಿಯುವವರೆಗೆ ಜಾಹೀರಾತು ನಿಲ್ಲಿಸುವಂತೆ ಹೇಳಿತು.

ಮೂರರಲ್ಲಿ ಉಳಿದದ್ದು ಅತಿ ಅಗ್ಗದ್ದು. ವೆಂಟಿಲೇಟರ್ ಮೇಲಿದ್ದವರಲ್ಲಿ ನೂರಕ್ಕೆ 41 ಇದ್ದ ಸಾವನ್ನು ಡೆಕ್ಸಾಮೆಥಾಸೋನ್ 29ಕ್ಕೆ ಇಳಿಸಿತು, ಆಕ್ಸಿಜನ್ ಮೇಲಿದ್ದವರಲ್ಲಿ 26ರಿಂದ 23ಕ್ಕೆ. ದಿನಕ್ಕೆ ಆರು ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಯಾವ ಮೆಡಿಕಲ್ ಸ್ಟೋರಿನಲ್ಲೂ ಹತ್ತಾರು ವರ್ಷಗಳಿಂದ ಇದ್ದ ಮಾತ್ರೆ ಇದು.

ಪಟ್ಟಿ ಹುಟ್ಟಿದ ಕಾರಣ

ಪ್ರಯೋಗ ಶುರುವಾಗುವ ಮೊದಲೇ ಅದನ್ನು ಸಾರ್ವಜನಿಕವಾಗಿ ಬರೆದಿಡಬೇಕೆಂಬ ನಿಯಮ ಹಳೆಯದೇನಲ್ಲ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಔಷಧ ಕಂಪನಿಗಳು ಎಷ್ಟು ಪ್ರಯೋಗ ಮಾಡಿದವು ಎಂಬುದು ಅವರಿಗಷ್ಟೇ ಗೊತ್ತಿರುತ್ತಿತ್ತು. ಐದು ಮಾಡಿ, ಅನುಕೂಲವಾಗಿ ಬಂದ ಎರಡನ್ನು ಅಚ್ಚು ಹಾಕಿಸಿ, ಉಳಿದ ಮೂರನ್ನು ಬೀರುವಿನಲ್ಲಿಟ್ಟರೆ ಕೇಳುವವರಿರಲಿಲ್ಲ. 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್, ಮಕ್ಕಳ ಖಿನ್ನತೆಗೆ ಬಳಸುತ್ತಿದ್ದ ಪ್ಯಾರೊಕ್ಸೆಟಿನ್ ಔಷಧಿಯ ಪ್ರತಿಕೂಲ ಫಲಿತಾಂಶಗಳನ್ನು ಮುಚ್ಚಿಟ್ಟ ಆರೋಪದ ಮೇಲೆ ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ ಕಂಪನಿಯನ್ನು ಕೋರ್ಟಿಗೆ ಎಳೆದ. ಅದೇ ವರ್ಷ ಜಗತ್ತಿನ ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಒಟ್ಟಾಗಿ, ಮೊದಲೇ ನೋಂದಣಿಯಾಗದ ಪ್ರಯೋಗವನ್ನು ಇನ್ನು ಪ್ರಕಟಿಸುವುದಿಲ್ಲ ಎಂದು ಸಾರಿದರು.

ಭಾರತದ ಪಟ್ಟಿ ಶುರುವಾದದ್ದು 2007ರ ಜುಲೈ 20ರಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ದೆಹಲಿಯ ತನ್ನ ವೈದ್ಯಕೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮೂಲಕ ಆರಂಭಿಸಿದ ಇದನ್ನು ಸಿಟಿಆರ್‌ಐ ಎನ್ನುತ್ತಾರೆ. 2009ರ ಜೂನ್ 15ರಿಂದ ಔಷಧ ಪ್ರಯೋಗಗಳಿಗೆ ನೋಂದಣಿ ಕಡ್ಡಾಯವಾಯಿತು. 2018ರ ಏಪ್ರಿಲ್‌ನಿಂದ, ಶುರುವಾದ ಮೇಲೆ ಬಂದು ಹೆಸರು ಬರೆಸುವ ಪದ್ಧತಿಯೂ ನಿಂತಿತು.

ಅದರ ಒಂದು ಪುಟವನ್ನು ತೆರೆದು ನೋಡೋಣ. ಸಿಟಿಆರ್‌ಐ/2020/04/024775. ವರ್ಷ, ತಿಂಗಳು, ಕ್ರಮಸಂಖ್ಯೆ. ಇದು ಕೋವಿಡ್‌ಗೆ ಪ್ಲಾಸ್ಮಾ ಕೊಟ್ಟು ನೋಡಿದ ಐಸಿಎಂಆರ್‌ನ ಪ್ಲಾಸಿಡ್ ಪ್ರಯೋಗ. ಯಾರು ನಡೆಸುತ್ತಾರೆ, ಹಣ ಯಾರದು, ಯಾವ ಆಸ್ಪತ್ರೆಗಳು, ನೈತಿಕ ಸಮಿತಿ ಒಪ್ಪಿದೆಯೇ, ಎಂಥ ರೋಗಿಗಳನ್ನು ಸೇರಿಸಿಕೊಳ್ಳುತ್ತಾರೆ, ಎಷ್ಟು ಮಂದಿಯನ್ನು, ಯಾರಿಗೆ ಔಷಧಿ ಯಾರಿಗಿಲ್ಲ ಎಂಬುದನ್ನು ಹೇಗೆ ತೀರ್ಮಾನಿಸುತ್ತಾರೆ, ಕೊನೆಗೆ ಏನನ್ನು ಅಳೆಯುತ್ತಾರೆ: ಇಂಥ ಪುಟದಲ್ಲಿ ಇವಕ್ಕೆಲ್ಲ ಒಂದೊಂದು ಅಂಕಣ. ಏನನ್ನು ಅಳೆಯುತ್ತೇವೆ ಎಂಬ ಅಂಕಣವೇ ಎಲ್ಲಕ್ಕಿಂತ ಮುಖ್ಯ. ಅದನ್ನು ಮೊದಲೇ ಬರೆದುಕೊಟ್ಟವರು, ಸಾವು ತಗ್ಗದಿದ್ದಾಗ ಕೆಮ್ಮು ತಗ್ಗಿತಲ್ಲ ಎಂದು ಮಾತು ತಿರುಗಿಸಲಾರರು.

ಪಟ್ಟಿಯ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ಔಷಧಿ ಕೆಲಸ ಮಾಡುತ್ತದೆಂದು ಅದು ಎಲ್ಲೂ ಹೇಳುವುದಿಲ್ಲ, ಮಾರಲು ಅನುಮತಿಯನ್ನೂ ಕೊಡುವುದಿಲ್ಲ. ಹತ್ತು ಜನರ ಮೇಲಿನ ಪ್ರಯೋಗಕ್ಕೂ ಹತ್ತು ಸಾವಿರ ಜನರ ಪ್ರಯೋಗಕ್ಕೂ ಅಲ್ಲಿ ಒಂದೇ ಬಗೆಯ ಸಂಖ್ಯೆ. 2020ರಲ್ಲಿ ಆ ಸಂಖ್ಯೆಯನ್ನೇ ಸರ್ಕಾರದ ಮುದ್ರೆಯೆಂದು ಓದಿದವರು ಬಹಳ.

ಇಲಿ ಬಿದ್ದ ಕಾಲ

ಯಾವ ಔಷಧಿಯ ಲೆಕ್ಕವನ್ನು ನಂಬಬೇಕೆಂಬ ಇದೇ ತೊಡಕು ನೂರಿಪ್ಪತ್ತು ವರ್ಷ ಹಿಂದೆ ಪ್ಲೇಗ್ ಬಂದಾಗಲೂ ಇತ್ತು, ಕನ್ನಡ ನಾಡಿನಲ್ಲೇ ಇತ್ತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ಧಾರವಾಡ ಸೀಮೆಗೆ ಇಳಿದು, 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಮಾಡಿತು. ಬೆಂಗಳೂರಿನ ಇಕ್ಕಟ್ಟಾದ ಪೇಟೆ ಬಿಟ್ಟವರಿಂದ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ಬೆಂಗಳೂರು-ಮೈಸೂರು ರೈಲು ಮದ್ದೂರು, ಮಂಡ್ಯದ ಮೇಲೆ ಓಡಲು ಶುರುವಾಗಿ ಹದಿನಾರು ವರ್ಷಗಳಾಗಿದ್ದವು. ಹಾಗಾಗಿ ರೋಗಕ್ಕೆ ದಾರಿ ಸಿದ್ಧವಿತ್ತು. ಈ ಸೀಮೆಯ ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ವಾಡಿಕೆಯಾಯಿತು. ಪ್ಲೇಗಮ್ಮನಿಗೆ ಗುಡಿಗಳೂ ಎದ್ದವು. ಮನೆ ತಪಾಸಣೆ, ರೋಗಿಗಳನ್ನು ಎಳೆದೊಯ್ಯುವುದು ಇವುಗಳ ವಿರುದ್ಧ ಸಿಟ್ಟೂ ಎದ್ದಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ 1898ರ ಕೊನೆಯಲ್ಲಿ ಗಲಭೆಯೇ ಆಯಿತು.

ಔಷಧಿ ಯಾವುದು? ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕೆಲಸ ಕಲಿತು, ಕಾಲರಾ ಲಸಿಕೆಗಾಗಿ 1893ರಲ್ಲಿ ಕಲ್ಕತ್ತೆಗೆ ಬಂದಿದ್ದ ವಾಲ್ಡೆಮಾರ್ ಹಾಫ್ಕಿನ್ ಮುಂಬೈಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಾನೇ ಚುಚ್ಚಿಸಿಕೊಂಡ. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಜೈಲಿಗೆ ಪ್ಲೇಗ್ ಹೊಕ್ಕಿತು. ಕೈದಿಗಳಲ್ಲಿ ಸುಮಾರು ಅರ್ಧ ಮಂದಿ ತಾವಾಗಿ ಮುಂದೆ ಬಂದು ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ. ಲಸಿಕೆಗೆ ಗೆಲುವು ಎನ್ನಬಹುದಿತ್ತು. ಆದರೆ ತಾವಾಗಿ ಮುಂದೆ ಬಂದವರು ಮೊದಲಿನಿಂದಲೇ ಗಟ್ಟಿ ಆಳುಗಳೇ ಇದ್ದಿರಬಹುದಲ್ಲ ಎಂಬ ಪ್ರಶ್ನೆಗೆ ಜೈಲಿನ ಲೆಕ್ಕದಲ್ಲಿ ಉತ್ತರವಿರಲಿಲ್ಲ.

ಹಾಫ್ಕಿನ್‌ಗೂ ಆ ಪ್ರಶ್ನೆ ಗೊತ್ತಿತ್ತು. 1898ರ ಫೆಬ್ರುವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ಮನೆಮನೆಯವರನ್ನು ಒಟ್ಟಿಗೆ ನಿಲ್ಲಿಸಿ, ಪ್ರತಿ ಮನೆಯಲ್ಲೂ ಸುಮಾರು ಅರ್ಧ ಮಂದಿಗೆ ಲಸಿಕೆ ಹಾಕಿದರು. ಒಂದೇ ಸೂರು, ಒಂದೇ ಊಟ, ಒಂದೇ ಇಲಿ. ಆಮೇಲೆ ಪ್ಲೇಗ್ ಹೊಕ್ಕ 28 ಮನೆಗಳಲ್ಲಿ ಲಸಿಕೆ ಪಡೆದ 71 ಮಂದಿಯಲ್ಲಿ 8 ಮಂದಿಗೆ ರೋಗ ಬಂದು 3 ಮಂದಿ ಸತ್ತರು. ಪಡೆಯದ 64 ಮಂದಿಯಲ್ಲಿ 27 ಮಂದಿಗೆ ಬಂದು 26 ಮಂದಿ ಸತ್ತರು. ಚಿಕ್ಕ ಹಳ್ಳಿಯ ಈ ಲೆಕ್ಕವನ್ನು ಅಲ್ಲಾಡಿಸುವುದು ಕಷ್ಟ.

ಹುಬ್ಬಳ್ಳಿಯದು ಇದಕ್ಕಿಂತ ಎಷ್ಟೋ ದೊಡ್ಡ ಲೆಕ್ಕ. 1898ರ ಬೇಸಿಗೆಯಿಂದ ಸೆಪ್ಟೆಂಬರ್‌ವರೆಗೆ ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಮೇಲ್ವಿಚಾರಣೆಯಲ್ಲಿ ಅಲ್ಲಿ ಸುಮಾರು 38 ಸಾವಿರ ಜನ ಲಸಿಕೆ ಹಾಕಿಸಿಕೊಂಡರು, ಅಂದರೆ ಹೆಚ್ಚುಕಡಿಮೆ ಇಡೀ ಊರು. ಧಾರವಾಡ, ಗದಗ ಕಡೆ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಈ ಕೆಲಸ ನಡೆಸಿದಳು. ಜನರ ಜೀವಕ್ಕೆ ಒಳ್ಳೆಯದೇ ಆಯಿತು. ಆದರೆ ಊರಿಗೆ ಊರೇ ಲಸಿಕೆ ಹಾಕಿಸಿಕೊಂಡ ಮೇಲೆ ಹೋಲಿಸಲು ಉಳಿದವರೆಷ್ಟು? ಲಸಿಕೆ ಪಡೆಯದವರ ಸಂಖ್ಯೆಯನ್ನು ವಾರವಾರವೂ ಊರಿನ ಅಂದಾಜು ಜನಸಂಖ್ಯೆಯಿಂದ ಪಡೆದವರನ್ನು ಕಳೆದು ಹುಡುಕಬೇಕಿತ್ತು. ಊರು ಬಿಟ್ಟು ಹೋದವರೆಷ್ಟು, ಬಂದವರೆಷ್ಟು ಎಂಬುದಕ್ಕೆ ಸರಿಯಾದ ಲೆಕ್ಕವಿರಲಿಲ್ಲ. ಟಿ.ಆರ್. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗ್ ಆಯೋಗ 1898-99ರಲ್ಲಿ ಇಂಥ ಲೆಕ್ಕಗಳನ್ನೆಲ್ಲ ಬಿಡಿಸಿ ನೋಡಿತು. ಆಯೋಗದಲ್ಲಿ ಮುಂದೆ ಹೆಸರಾದ ಆಲ್ಮ್‌ರಾತ್ ರೈಟ್ ಕೂಡ ಇದ್ದ. ಲಸಿಕೆಯಿಂದ ರೋಗವೂ ಸಾವೂ ತಗ್ಗುತ್ತವೆ ಎಂದು ಆಯೋಗ ಒಪ್ಪಿತು, ಎಷ್ಟು ತಗ್ಗುತ್ತವೆ ಎಂಬ ಅಂಕಿಗಳ ಬಗ್ಗೆ ಅನುಮಾನ ಉಳಿಸಿಕೊಂಡಿತು. 38 ಸಾವಿರದ ಹುಬ್ಬಳ್ಳಿ ಹೇಳಲಾಗದ್ದನ್ನು 28 ಮನೆಗಳ ಉಂಧೇರಾ ಹೇಳಿತ್ತು.

ರೋಗ ಬಂದವರ ಚಿಕಿತ್ಸೆಗೂ ಪ್ರಯೋಗ ನಡೆಯಿತು. ಪ್ಲೇಗ್ ರೋಗಾಣುವಿಗೆ ಒಡ್ಡಿದ ಕುದುರೆಯ ರಕ್ತದಿಂದ ತೆಗೆದ ಸೀರಂ ಆಗ ದೊಡ್ಡ ಭರವಸೆ. ಮುಂಬೈಯ ಆರ್ಥರ್ ರೋಡ್ ಆಸ್ಪತ್ರೆಯಲ್ಲಿ ಡಾ. ನಸರವಾನ್‌ಜಿ ಹೊರ್ಮಸ್‌ಜಿ ಚೋಕ್ಸಿ, ಬಂದ ರೋಗಿಗಳಲ್ಲಿ ಒಬ್ಬರಿಗೆ ಸೀರಂ, ಮುಂದಿನವರಿಗಿಲ್ಲ ಎಂದು ಸರದಿ ಪ್ರಕಾರ ಹಂಚಿ ಹೋಲಿಸಿದರು. ಯಾರಿಗೆ ಕೊಡಬೇಕು ಎಂಬುದನ್ನು ವೈದ್ಯರ ಕರುಣೆಗೆ ಬಿಡದೆ ನಿಯಮಕ್ಕೆ ಬಿಟ್ಟದ್ದು ಆ ಕಾಲಕ್ಕೆ ಅಪರೂಪ. ಸೀರಂ ಮಾತ್ರ ಪ್ಲೇಗಿನ ಖಚಿತ ಔಷಧಿ ಎನಿಸಿಕೊಳ್ಳಲೇ ಇಲ್ಲ.

ರಕ್ತದಲ್ಲಿದ್ದ ಭರವಸೆ

ರೋಗವನ್ನು ಎದುರಿಸಿದ ರಕ್ತದಲ್ಲಿ ಔಷಧಿ ಇದೆ ಎಂಬ ಅದೇ ನಂಬಿಕೆ 2020ರಲ್ಲಿ, ಗುಣವಾದವರ ಪ್ಲಾಸ್ಮಾ ಹೆಸರಿನಲ್ಲಿ ಮರಳಿ ಬಂತು. ಏಪ್ರಿಲ್ ಕೊನೆಯ ವಾರ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಮಾ ಚಿಕಿತ್ಸೆಗೆ ಸಚಿವರೇ ಚಾಲನೆ ಕೊಟ್ಟರು. ಆ ಆಸ್ಪತ್ರೆ 1900ರ ಡಿಸೆಂಬರ್‌ನಲ್ಲಿ, ಪ್ಲೇಗಿನ ವರ್ಷಗಳಲ್ಲೇ, ತೆರೆದದ್ದು. ಜುಲೈನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಕೆ. ಸುಧಾಕರ್, ಪ್ಲಾಸ್ಮಾ ದಾನ ಮಾಡಿದವರಿಗೆ 5,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿದರು. ದಾನಿ ಬೇಕೆಂಬ ಮೆಸೇಜುಗಳು ವಾಟ್ಸಾಪ್ ಗುಂಪುಗಳಲ್ಲಿ ಹಗಲೂ ರಾತ್ರಿ ಓಡಾಡಿದವು. ಮನೆಯವರು ಬ್ಲಡ್ ಬ್ಯಾಂಕಿನಿಂದ ಬ್ಲಡ್ ಬ್ಯಾಂಕಿಗೆ ಅಲೆದರು.

ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳು ಇದಕ್ಕೆ ಹೆಸರು ಬರೆಸಿದ್ದರು. ಆದರೆ ಪ್ಲಾಸ್ಮಾ ಇಲ್ಲದೆ ಹೋಲಿಸಲು ಒಂದು ಗುಂಪನ್ನು ಇಟ್ಟಿರಲಿಲ್ಲ. ಅಷ್ಟು ಜನರಿಂದಲೂ ಅದು ಬದುಕಿಸುತ್ತದೋ ಇಲ್ಲವೋ ಎಂಬುದು ತಿಳಿಯಲಿಲ್ಲ. ಐಸಿಎಂಆರ್ ತನ್ನ ಪ್ಲಾಸಿಡ್ ಪ್ರಯೋಗದಲ್ಲಿ ಹಿಡಿದ ದಾರಿ ಬೇರೆ. ದೇಶದ 39 ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಏಪ್ರಿಲ್ 22ರಿಂದ ಜುಲೈ 14ರವರೆಗೆ 464 ರೋಗಿಗಳನ್ನು, ಚೀಟಿ ಎತ್ತಿದ ಹಾಗೆ ಯಾವ ದಾಕ್ಷಿಣ್ಯವೂ ಇಲ್ಲದೆ, ಎರಡು ಗುಂಪು ಮಾಡಿದರು. 235 ಮಂದಿಗೆ ಪ್ಲಾಸ್ಮಾ, 229 ಮಂದಿಗೆ ಮಾಮೂಲು ಚಿಕಿತ್ಸೆ. ರೋಗ ತೀವ್ರವಾದವರು ಅಥವಾ 28 ದಿನದೊಳಗೆ ಸತ್ತವರು ಪ್ಲಾಸ್ಮಾ ಗುಂಪಿನಲ್ಲಿ 44, ಇನ್ನೊಂದರಲ್ಲಿ 41. ಸಾವಷ್ಟನ್ನೇ ನೋಡಿದರೆ 34 ಮತ್ತು 31. ಪ್ಲಾಸ್ಮಾದಿಂದ ಏನೂ ಆಗಲಿಲ್ಲ.

ಜಗತ್ತಿನಲ್ಲೇ ಮೊದಮೊದಲು ಬಂದ ಸ್ಪಷ್ಟ ಉತ್ತರಗಳಲ್ಲಿ ಇದೊಂದು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2020ರ ಅಕ್ಟೋಬರ್‌ನಲ್ಲಿ ಅಚ್ಚಾಯಿತು. 2021ರ ಆರಂಭದಲ್ಲಿ ರಿಕವರಿಯ 11,558 ರೋಗಿಗಳ ಲೆಕ್ಕವೂ ಅದನ್ನೇ ಹೇಳಿತು. ಹಾಗಿದ್ದರೂ ನಮ್ಮ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ 17ರಂದು, ಎರಡನೇ ಅಲೆ ನೆತ್ತಿಗೇರಿದ ಮೇಲೆ. ನಮ್ಮವರೇ ಕೇಳಿದ ಪ್ರಶ್ನೆಗೆ ನಮ್ಮ ನೆಲದಲ್ಲೇ ಸಿಕ್ಕ ಉತ್ತರ ಏಳು ತಿಂಗಳು ಕಡತದಲ್ಲಿ ಕೂತಿತ್ತು. ಅಷ್ಟೂ ದಿನ ಮನೆಯವರ ಅಲೆದಾಟ ನಿಲ್ಲಲಿಲ್ಲ.

ಮೂವತ್ತು ಮಂದಿಯ ಲೆಕ್ಕ

ಬೆಂಗಳೂರಿನ ಬಯೋಕಾನ್‌ಗೂ ಈ ಇತಿಹಾಸದಲ್ಲಿ ಒಂದು ಅಧ್ಯಾಯವಿದೆ. ಸೋರಿಯಾಸಿಸ್ ಚರ್ಮರೋಗಕ್ಕೆ 2013ರಿಂದ ಮಾರುತ್ತಿದ್ದ ತನ್ನ ಇಟೊಲಿಜುಮ್ಯಾಬ್ ಇಂಜೆಕ್ಷನ್ನನ್ನು ಅದು ಕೋವಿಡ್‌ನ ತೀವ್ರ ಉರಿಯೂತಕ್ಕೆ ಬಳಸಿ ನೋಡಿತು. ಮುಂಬೈ ಮತ್ತು ದೆಹಲಿಯ ನಾಲ್ಕು ಆಸ್ಪತ್ರೆಗಳಲ್ಲಿ 30 ರೋಗಿಗಳು: 20 ಮಂದಿಗೆ ಇಂಜೆಕ್ಷನ್, 10 ಮಂದಿಗೆ ಮಾಮೂಲು ಚಿಕಿತ್ಸೆ. ಇಪ್ಪತ್ತರಲ್ಲಿ ಯಾರೂ ಸಾಯಲಿಲ್ಲ, ಹತ್ತರಲ್ಲಿ ಮೂವರು ಸತ್ತರು. 2020ರ ಜುಲೈ 11ರಂದು ಔಷಧ ನಿಯಂತ್ರಕರು ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟರು. ಒಂದು ವಯಲ್‌ಗೆ 7,950 ರೂಪಾಯಿ.

ಈ ಲೆಕ್ಕವನ್ನು ಕಾಗದದ ಮೇಲೆ ಯಾರಾದರೂ ಮಾಡಿ ನೋಡಬಹುದು. ಇಂಜೆಕ್ಷನ್ ಬರೀ ನೀರು, ಅದು ಯಾರನ್ನೂ ಉಳಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮೂವತ್ತರಲ್ಲಿ ಮೂವರು ಹೇಗೂ ಸಾಯುವವರು. ಮೂವತ್ತರಲ್ಲಿ ಮೂವರನ್ನು ಆರಿಸುವ ಬಗೆಗಳು 4,060. ಆ ಮೂವರೂ ಹತ್ತರ ಗುಂಪಿನಲ್ಲೇ ಇರುವ ಬಗೆಗಳು 120. ಅಂದರೆ ಬರೀ ಅದೃಷ್ಟದಿಂದ ಇಂಥ ಫಲಿತಾಂಶ ಬರುವ ಸಂಭವ ನೂರಕ್ಕೆ ಮೂರು. ನೂರಕ್ಕೆ ಐದಕ್ಕಿಂತ ಕಡಿಮೆ ಇದ್ದರೆ ಗಣನೀಯ ಎಂಬುದು ವಾಡಿಕೆ. ಹಾಗಾಗಿ ಇದು ಗೆಲುವು ಎನಿಸಿಕೊಂಡಿತು. ಈಗ ಒಂದೇ ಒಂದು ಸಾವನ್ನು ಆಚೆ ಗುಂಪಿಗೆ ಸರಿಸಿ: ಹತ್ತರಲ್ಲಿ ಇಬ್ಬರು, ಇಪ್ಪತ್ತರಲ್ಲಿ ಒಬ್ಬ. ಹತ್ತರ ಗುಂಪಿನಲ್ಲಿ ಇಬ್ಬರೋ ಮೂವರೋ ಇರುವ ಸಂಭವ ಒಟ್ಟು ನೂರಕ್ಕೆ 25. ಗೆಲುವು ಅಲ್ಲಿಗೆ ಮಾಯ. ಒಬ್ಬ ರೋಗಿಯ ಉಸಿರಿನ ಮೇಲೆ ನಿಂತ ಸಾಕ್ಷ್ಯ ಇದು. ಕೇಂದ್ರದ ಕೋವಿಡ್ ಕಾರ್ಯಪಡೆ ಸಾಕ್ಷ್ಯ ಸಾಲದೆಂದು ಇದನ್ನು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಗೆ ಸೇರಿಸಲು ಒಪ್ಪಲಿಲ್ಲ.

ಇಟೊಲಿಜುಮ್ಯಾಬ್ ಕೆಲಸ ಮಾಡುವುದಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಮಾಡುತ್ತದೆಂದೂ ಸಾಬೀತಾಗುವುದಿಲ್ಲ. ಮೂವತ್ತು ಜನರಿಂದ ಎರಡನ್ನೂ ಹೇಳಲಾಗದು ಎಂಬುದಷ್ಟೇ ಸತ್ಯ.

ಎರಡನೇ ಅಲೆಯ ಚೀಟಿ

2021ರ ಏಪ್ರಿಲ್, ಮೇ ತಿಂಗಳಲ್ಲಿ ರೆಮ್‌ಡೆಸಿವಿರ್ ಎಂಬ ಹೆಸರು ಹಳ್ಳಿಯವರ ಬಾಯಲ್ಲೂ ಇತ್ತು. ವೈದ್ಯರು ಚೀಟಿ ಬರೆದುಕೊಟ್ಟರೆ ಮನೆಯವರು ಸಾಲ ಸೋಲ ಮಾಡಿ ಬೆಂಗಳೂರಿಗೋ ಮೈಸೂರಿಗೋ ಓಡುತ್ತಿದ್ದರು. ಕಾಳಸಂತೆಯಲ್ಲಿ ಒಂದು ವಯಲ್ ಹತ್ತಾರು ಸಾವಿರಕ್ಕೆ ಹೋಯಿತು. ಅದರ ಉತ್ತರ ಆರು ತಿಂಗಳು ಮೊದಲೇ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸಾಲಿಡಾರಿಟಿ ಪ್ರಯೋಗ 30 ದೇಶಗಳ 405 ಆಸ್ಪತ್ರೆಗಳಲ್ಲಿ ನಡೆದಿತ್ತು. ಭಾರತವೂ ಅದರಲ್ಲಿತ್ತು. 2020ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ, ರೆಮ್‌ಡೆಸಿವಿರ್ ಪಡೆದ 2,743 ಮಂದಿಯಲ್ಲಿ ಸತ್ತವರು 301. ಪಡೆಯದ 2,708 ಮಂದಿಯಲ್ಲಿ 303. ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಳಸಬೇಡಿ ಎಂದಿತು. ಪೂರ್ತಿ ಲೆಕ್ಕ 2022ರಲ್ಲಿ ಬಂದಾಗ, ವೆಂಟಿಲೇಟರ್ ತನಕ ಹೋಗದವರಿಗೆ ಅಲ್ಪ ಸ್ವಲ್ಪ ಅನುಕೂಲವಿದೆ ಎಂದು ತಿಳಿಯಿತು. ಹೊಲ ಮಾರಿ ತರುವಂಥ ಔಷಧಿ ಅದಾಗಿರಲಿಲ್ಲ.

ಮನೆಯಲ್ಲೇ ಪ್ರತ್ಯೇಕವಾಗಿದ್ದವರಿಗೆ ಐವರ್ಮೆಕ್ಟಿನ್, ಡಾಕ್ಸಿಸೈಕ್ಲಿನ್, ಝಿಂಕ್, ವಿಟಮಿನ್ ಮಾತ್ರೆಗಳ ಪೊಟ್ಟಣ ಹಂಚಿದರು. ಐವರ್ಮೆಕ್ಟಿನ್‌ಗೆ ಬಲ ತುಂಬಿದ್ದ ಈಜಿಪ್ಟಿನ ಒಂದು ಅಧ್ಯಯನ ಅಂಕಿಗಳ ಅನುಮಾನದಿಂದ 2021ರ ಜುಲೈನಲ್ಲಿ ವಾಪಸಾಯಿತು. ಬ್ರೆಜಿಲ್‌ನಲ್ಲಿ 1,358 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅದರಿಂದ ಅನುಕೂಲ ಕಾಣಲಿಲ್ಲ. ಇತ್ತ, ಕೆಲಸ ಮಾಡುತ್ತದೆಂದು ಗೊತ್ತಿದ್ದ ಡೆಕ್ಸಾಮೆಥಾಸೋನ್ ಕೂಡ ದಾರಿ ತಪ್ಪಿತು. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲ; ರಿಕವರಿಯಲ್ಲಿ ಅಂಥವರಲ್ಲಿ ಸಾವು ನೂರಕ್ಕೆ 14ರ ಬದಲು ಸುಮಾರು 18 ಇತ್ತು. ಇದನ್ನು ಓದದವರು ಜ್ವರ ಬಂದ ದಿನವೇ ಸ್ಟೀರಾಯ್ಡ್ ಬರೆದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಪ್ಪು ಶಿಲೀಂಧ್ರ ಹಬ್ಬಲು ಇದೂ ಒಂದು ಕಾರಣ. ಇನ್ನು ಆಕ್ಸಿಜನ್ ಬೇಕಾದವರಿಗೆ ಆಕ್ಸಿಜನ್ನೇ ಇರಲಿಲ್ಲ. ಮಳವಳ್ಳಿಯ ಆಚೆ ಗಡಿಯ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಮೇ 2 ಮತ್ತು 3ರ ನಡುವಿನ 24 ಗಂಟೆಗಳಲ್ಲಿ 24 ಮಂದಿ ಸತ್ತರು. ಅಗ್ಗದ ಮಾತ್ರೆಯೂ ಆಕ್ಸಿಜನ್ ಇದ್ದ ಕಡೆಯಷ್ಟೇ ಜೀವ ಉಳಿಸಬಲ್ಲದು.

ಪಟ್ಟಿಯನ್ನು ಓದಿದವರು

ಇಷ್ಟೆಲ್ಲ ಪ್ರಯೋಗಗಳು ಒಟ್ಟಾರೆ ಏನನ್ನು ಕೊಟ್ಟವು ಎಂದು ತಿಳಿಯಲು ಕೆಲವರು ನೋಂದಣಿ ಪಟ್ಟಿಗಳನ್ನೇ ಕೂತು ಓದಿದರು. ಅಮೆರಿಕದ ಸ್ಟ್ಯಾಟ್ ಪತ್ರಿಕೆ 2020ರ ಜುಲೈನಲ್ಲಿ 1,200ಕ್ಕೂ ಹೆಚ್ಚು ಪ್ರಯೋಗಗಳನ್ನು ಜಾಲಾಡಿತು. ಪ್ರತಿ ಆರರಲ್ಲಿ ಒಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಅಥವಾ ಕ್ಲೋರೋಕ್ವಿನ್‌ನ ಬೆನ್ನು ಹತ್ತಿತ್ತು. ನೂರಕ್ಕೆ 39 ಪ್ರಯೋಗಗಳು ನೂರು ರೋಗಿಗಳಿಗಿಂತ ಕಡಿಮೆ ಇದ್ದವು. ಮರುವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಕೆವಿನ್ ಬುಗಿನ್ ಮತ್ತು ಜ್ಯಾನೆಟ್ ವುಡ್‌ಕಾಕ್, ಪ್ರಯೋಗಗಳಲ್ಲಿನ 2,895 ಚಿಕಿತ್ಸಾ ಗುಂಪುಗಳನ್ನು ತೂಗಿ ನೋಡಿದರು. ಚೀಟಿ ಎತ್ತಿ ಹಂಚಿದ್ದೂ, ಉತ್ತರ ಕೊಡುವಷ್ಟು ದೊಡ್ಡದೂ ಆಗಿದ್ದವು ನೂರಕ್ಕೆ ಐದು. ಉಳಿದ ತೊಂಬತ್ತೈದರಲ್ಲಿ ರೋಗಿಗಳು ತೋಳು ಕೊಟ್ಟರು, ಸಹಿ ಹಾಕಿದರು, ಅಪಾಯ ಹೊತ್ತರು. ಅವುಗಳಿಂದ ಖಚಿತ ಉತ್ತರ ಬರುವಂತಿರಲಿಲ್ಲ.

ನಮ್ಮ ಪಟ್ಟಿಯನ್ನು ಹೀಗೆ ಓದುವ ಕೆಲಸ ಬೆಂಗಳೂರಿನಲ್ಲೇ ಬಹಳ ಮೊದಲು ಶುರುವಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿಯಲ್ಲಿ ಗಾಯತ್ರಿ ಸಬರ್ವಾಲ್ ಮತ್ತು ಅವರ ಸಹೋದ್ಯೋಗಿಗಳು ಸಿಟಿಆರ್‌ಐನ ದಾಖಲೆಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿದವರು. ಆ ದಾಖಲೆಗಳಲ್ಲಿನ ಕೊರತೆಗಳ ಬಗ್ಗೆ ಅವರ ಲೇಖನ 2019ರಲ್ಲಿ ಪ್ರಕಟವಾಯಿತು. ಅಮೆರಿಕದ ಪಟ್ಟಿಯಲ್ಲಿ ಹೆಸರಿರುವ ಭಾರತದ ಎಷ್ಟೋ ಪ್ರಯೋಗಗಳು ನಮ್ಮ ಕಾನೂನಿನಂತೆ ಬರಬೇಕಿದ್ದರೂ ನಮ್ಮ ಪಟ್ಟಿಗೆ ಬಂದೇ ಇಲ್ಲ ಎಂದು 2020ರಲ್ಲಿ ತೋರಿಸಿದರು. ಇದು ಗುಮಾಸ್ತರ ಕೆಲಸದಂತೆ ಕಾಣಬಹುದು. ಆದರೆ ಹುಬ್ಬಳ್ಳಿಯ ಲೆಕ್ಕ ಕೈಕೊಟ್ಟದ್ದು ಇಂಥ ಗುಮಾಸ್ತಗಿರಿಯಲ್ಲೇ. ಊರಲ್ಲಿ ಯಾರಿದ್ದರು, ಯಾರು ಹೋದರು ಎಂಬುದನ್ನು ಬರೆದಿಟ್ಟಿರಲಿಲ್ಲ.

ರಿಕವರಿ ಗೆದ್ದದ್ದು ದೊಡ್ಡ ವಿಜ್ಞಾನಿಗಳಿಂದಷ್ಟೇ ಅಲ್ಲ. ಅದರ ಯೋಜನೆ ಬರೆದ ಒಂಬತ್ತು ದಿನಗಳಲ್ಲಿ ಮೊದಲ ರೋಗಿ ಸೇರಿದರು. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯ 176 ಆಸ್ಪತ್ರೆ ಸಂಸ್ಥೆಗಳು ಕೈಜೋಡಿಸಿದವು. ಅವುಗಳಲ್ಲಿ ಹೆಚ್ಚಿನವು ಸಂಶೋಧನೆಗೆ ಹೆಸರಾದವಲ್ಲ, ನಮ್ಮ ಜಿಲ್ಲಾಸ್ಪತ್ರೆಯಂಥವು. ದುಡಿದು ಬಸವಳಿದ ವೈದ್ಯರು, ದಾದಿಯರು ತುಂಬಿದ್ದು ಚಿಕ್ಕದೊಂದು ಫಾರಂ, ಕೊನೆಗೆ ಮುಖ್ಯವಾಗಿ ಕೇಳಿದ್ದು ಒಂದೇ ಪ್ರಶ್ನೆ: 28ನೇ ದಿನ ರೋಗಿ ಬದುಕಿದ್ದಾರೆಯೇ? 39 ಆಸ್ಪತ್ರೆಗಳ ಪ್ಲಾಸಿಡ್ ಪ್ರಯೋಗ, ಇದು ನಮ್ಮಿಂದಲೂ ಆಗುತ್ತದೆಂದು ತೋರಿಸಿತ್ತು. ನಾವು ಅದನ್ನು ಅಲ್ಲಿಗೇ ಬಿಟ್ಟೆವು. ಎರಡನೇ ಅಲೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ತನಕ ಮಾತ್ರೆ ಹೋಯಿತು, ಪ್ರಶ್ನೆ ಹೋಗಲಿಲ್ಲ. ಐವರ್ಮೆಕ್ಟಿನ್ ಪೊಟ್ಟಣವನ್ನು ಎಲ್ಲರಿಗೂ ಕೊಡುವ ಬದಲು ಮದ್ದೂರು, ಮಳವಳ್ಳಿಯಂಥ ತಾಲ್ಲೂಕುಗಳಲ್ಲಿ ಒಪ್ಪಿದವರಿಗೆ ಚೀಟಿ ಎತ್ತಿ ಅರ್ಧ ಮಂದಿಗೆ ಕೊಟ್ಟು, ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆಯರಿಂದ ಒಂದು ಮಾತು ಕೇಳಿಸಿದ್ದರೆ, ಬ್ರೆಜಿಲ್‌ನ ಉತ್ತರಕ್ಕಾಗಿ 2022ರವರೆಗೆ ಕಾಯಬೇಕಿರಲಿಲ್ಲ.

ಹೋಲಿಕೆಗೆಂದು ಅರ್ಧ ಜನರಿಗೆ ಔಷಧಿ ಕೊಡದಿರುವುದು ಅನ್ಯಾಯ ಎಂದು ಕೇಳುವವರಿದ್ದಾರೆ. ಕೆಲಸ ಮಾಡುತ್ತದೆಂದು ಗೊತ್ತಿರುವ ಔಷಧಿಯನ್ನು ತಡೆಹಿಡಿದರೆ ಅದು ಅನ್ಯಾಯವೇ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಲಕ್ಷ ಲಕ್ಷ ಜನರಿಗೆ ಹಂಚಿ, ಏನಾಯಿತೆಂದು ಕೇಳದೆ ಇರುವುದು ಅದಕ್ಕಿಂತ ದೊಡ್ಡ ಅನ್ಯಾಯ. ಉಂಧೇರಾದ ಮನೆಗಳಲ್ಲಿ ಲಸಿಕೆ ಸಿಗದ 64 ಮಂದಿಯ ಪಾಲಿಗೆ ಬಂದ 26 ಸಾವುಗಳು ಮುಂದೆ ಲಸಿಕೆ ಪಡೆದವರನ್ನೆಲ್ಲ ಕಾಪಾಡುವ ಜ್ಞಾನವಾದವು. 2021ರಲ್ಲಿ ಮಂಡ್ಯ, ಚಾಮರಾಜನಗರ, ಮೈಸೂರಿನ ಸಾವುಗಳಿಂದ ಅಂಥ ಜ್ಞಾನವನ್ನು ನಾವು ಕೂಡಿಡಲಿಲ್ಲ. ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ಪ್ರತಿ ಜಿಲ್ಲಾಸ್ಪತ್ರೆಯನ್ನೂ ಒಂದೇ ಪ್ರಯೋಗದ ಜಾಲಕ್ಕೆ ಸೇರಿಸುವ ಕೆಲಸ ಸರ್ಕಾರದ್ದು. ಔಷಧಿಯ ಸುದ್ದಿ ಬಂದಾಗ ನೋಂದಣಿ ಸಂಖ್ಯೆಗೆ ನಿಲ್ಲದೆ, ಎಷ್ಟು ಜನ, ಯಾರ ಜೊತೆ ಹೋಲಿಸಿದಿರಿ, ಏನನ್ನು ಅಳೆದಿರಿ ಎಂದು ಕೇಳುವ ಕೆಲಸ ಓದುವವರದ್ದು. 2020ರ ಜೂನ್‌ನ ಆ ಎಂಟು ದಿನಗಳಲ್ಲಿ ಈ ಮೂರು ಪ್ರಶ್ನೆ ಕೇಳಿದ್ದವರಿಗೆ ಯಾವ ಔಷಧಿ ನಿಲ್ಲುತ್ತದೆಂದು ಅಂದೇ ಗೊತ್ತಾಗುತ್ತಿತ್ತು.